ತಾರಸಿಯ ನೀರು ಮತ್ತು ತಗ್ಗಿನ ಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಡಾವಣೆಗಳಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡಿರುವವರು ಮೊದಲು ನೋಡಬೇಕಾದದ್ದು, ತಾರಸಿಯಿಂದ ಇಳಿಯುವ ಮಳೆನೀರಿನ ಪೈಪು ಕೊನೆಗೆ ಎಲ್ಲಿ ಸೇರಿದೆ ಎಂಬುದನ್ನು. ಎಷ್ಟೋ ಮನೆಗಳಲ್ಲಿ ಅದು ನೇರ ಒಳಚರಂಡಿಯ ಛೇಂಬರಿಗೆ ಹೋಗಿರುತ್ತದೆ; ಪ್ಲಂಬರಿಗೆ ಅದೇ ಹತ್ತಿರದ ದಾರಿ. ಆದರೆ ಒಳಚರಂಡಿ ಕೊಳವೆಯ ಅಳತೆ ಬಚ್ಚಲು, ಕಕ್ಕಸಿನ ನೀರಿಗೆ ಹಾಕಿದ್ದು, ಮಳೆಗಲ್ಲ. ಏರಿನ ಹತ್ತು ಮನೆಗಳ ತಾರಸಿ ನೀರು ಒಟ್ಟಿಗೆ ಇಳಿದರೆ ತಗ್ಗಿನ ಮನೆಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತದೆ. ಆ ಮನೆಯವರದು ಏನೂ ತಪ್ಪಿಲ್ಲ. ಇದನ್ನು ತಡೆಯುವುದು ಏರಿನವರ ಕೈಯಲ್ಲಿದೆ.

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 800 ಚದರಡಿ ತಾರಸಿ ಎಂದರೆ ಸುಮಾರು 74 ಚದರ ಮೀಟರ್. 25 ಮಿ.ಮೀ.ನ ಒಂದು ಜೋರು ಮಳೆಗೆ, ಪೋಲಾಗುವುದನ್ನು ಕಳೆದು, 1,500 ಲೀಟರ್ ಸಿಗುತ್ತದೆ. ವರ್ಷದ 900 ಮಿ.ಮೀ.ಗೆ ಲೆಕ್ಕ ಹಾಕಿದರೆ ಸುಮಾರು 54,000 ಲೀಟರ್ ಆಗುತ್ತದೆ. ಸುಮಾರು ನೂರು ಕಿ.ಮೀ. ದೂರದಿಂದ ಕಾವೇರಿಯನ್ನು ಪಂಪು ಮಾಡಿ ತರುವ ಊರಿನಲ್ಲಿ ಇಷ್ಟು ನೀರನ್ನು ಕೊಳಚೆಗೆ ಬಿಡುವುದು ಅನ್ಯಾಯ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಹೊಸ 30×40 ಮನೆಗಳಿಗೂ ಹಳೆಯ 40×60 ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ.

ತಾರಸಿಗೆ ಹತ್ತು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಬೇಕು. ಪೈಪಿನ ಬಾಯಿಗೆ ಉಬ್ಬಿದ ಜಾಲರಿ ಹಾಕಿಸಿ. ಚಪ್ಪಟೆ ಜಾಲರಿಯನ್ನು ನಾಲ್ಕು ಹೊಂಗೆ ಎಲೆ ಮುಚ್ಚಿದರೆ ಸಾಕು, ತಾರಸಿಯಲ್ಲಿ ನೀರು ನಿಂತು ಸೀಲಿಂಗ್ ಸೋರುತ್ತದೆ.

ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು: ಆ ನೀರನ್ನು ಹಿಡಿಯಲು ಗೋಡೆಗೆ ಒಂದು ಪೈಪಿನ ತುಂಡು ನಿಲ್ಲಿಸಿದರೆ ಸಾಕೆಂದುಕೊಳ್ಳುತ್ತಾರೆ. ನಾಲ್ಕಿಂಚಿನ ಪೈಪಿನಲ್ಲಿ ಒಂದು ಮೀಟರಿಗೆ ಹಿಡಿಯುವುದು ಎಂಟೇ ಲೀಟರ್. ನಮ್ಮ ತಾರಸಿಯ ಮೊದಲ ಎರಡು ಮಿ.ಮೀ. ಮಳೆಯೇ 150 ಲೀಟರ್! ಹಾಗಾಗಿ ಗೋಡೆಗೆ ನಿಲ್ಲಿಸಿದ ಪೈಪಿನ ತುಂಡು ಸಾಲದು. ಬೇಸಿಗೆ ಕಳೆದ ಮೇಲಿನ ಮೊದಲ ಮಳೆಗೆ ನೀರನ್ನು ಹೊರಗೆ ಬಿಡುವ ವಾಲ್ವನ್ನು ಕೈಯಾರೆ ತೆರೆದಿಟ್ಟು, ನೀರು ತಿಳಿಯಾದ ಮೇಲೆ ಮುಚ್ಚಿ.

ಫಿಲ್ಟರಿಗೆ 200 ಲೀಟರಿನ ಡ್ರಮ್ಮು ಸಾಕು. ತಳದಲ್ಲಿ 40 ಮಿ.ಮೀ. ಜಲ್ಲಿ, ಅದರ ಮೇಲೆ 20 ಮಿ.ಮೀ. ಜಲ್ಲಿ, ನಂತರ ನೈಲಾನ್ ಜಾಲರಿ, ಎಲ್ಲಕ್ಕಿಂತ ಮೇಲೆ ತೊಳೆದ ದಪ್ಪ ಮರಳು. ಜಾಲರಿ ಹಾಕದಿದ್ದರೆ ಮರಳು, ಫಿಲ್ಟರಿನ ನೀರು ಸೇರುವ ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಯುತ್ತದೆ. ಒಳಬರುವ ಪೈಪಿನಷ್ಟೇ ಅಗಲದ ಓವರ್‌ಫ್ಲೋ ಪೈಪು ಇಲ್ಲದಿದ್ದರೆ, ಮರಳು ಕಟ್ಟಿಕೊಂಡ ದಿನ ನೀರು ತಾರಸಿಯಲ್ಲೇ ನಿಲ್ಲುತ್ತದೆ.

ಸಂಪು ತುಂಬಿ ಉಕ್ಕಿದ್ದು ಇಂಗುಬಾವಿಗೆ ಹೋಗಲಿ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಬಾವಿಗೆ 4,000 ಲೀಟರ್ ಹಿಡಿಯುತ್ತದೆ. ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಇಡಿ, ಸಂದಿಗೆ ಸಿಮೆಂಟು ಬೇಡ, ತಳಕ್ಕೂ ಬೇಡ. ರಿಂಗಿನ ಹೊರಸುತ್ತಿಗೆ ಜಲ್ಲಿ ತುಂಬಿ. ಬಾವಿಯೊಳಗೆ ಜಲ್ಲಿ ಸುರಿಯುವವರಿದ್ದಾರೆ. ಅರ್ಧಕ್ಕೂ ಹೆಚ್ಚು ಜಾಗ ಹೋಗುತ್ತದೆ, ಹೂಳು ತೆಗೆಯಲೂ ಆಗುವುದಿಲ್ಲ. ತೋಡುವ ಕೆಲಸಕ್ಕೆ ಮಣ್ಣು ವಡ್ಡರ ಕುಟುಂಬಗಳು ನಗರದ ಸುತ್ತ ಈಗಲೂ ಇವೆ. ಮಣ್ಣಿನ ಗುಣ ಅವರಿಗೆ ಕೈಯಲ್ಲೇ ತಿಳಿಯುತ್ತದೆ, ಆಳ ಎಷ್ಟಿರಬೇಕೆಂದು ಅವರನ್ನೇ ಕೇಳಿ. ಕೆರೆಯಂಗಳದ ಬಡಾವಣೆಯಲ್ಲಿ ಐದಾರು ಅಡಿಗೇ ನೀರು ಬಂದರೆ ಬಾವಿ ಪ್ರಯೋಜನವಿಲ್ಲ. ಬಾವಿಗೆ ಮಕ್ಕಳು ಎತ್ತಲಾಗದಂಥ ಭಾರದ ಮುಚ್ಚಳ ಇರಲೇಬೇಕು.

ಇನ್ನು ರಸ್ತೆ. ಹಳೆಯ ಡಾಂಬರು ಕೆರೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ರಸ್ತೆ ಎತ್ತರವಾಗಿ ಗೇಟು ತಗ್ಗಾಗುತ್ತದೆ. ಸಂಪಿನ ಬಾಯಿ ನೆಲದಿಂದ ಆರು ಇಂಚಾದರೂ ಮೇಲಿರಲಿ, ಇಲ್ಲವಾದರೆ ಬೀದಿಯ ಕೊಳೆ ಕುಡಿಯುವ ನೀರಿಗೆ ಸೇರುತ್ತದೆ. ಡಾಂಬರು ಹಾಕಲು ಬಂದಾಗ ಹಳೆಯದನ್ನು ಕೆರೆಯಲೇಬೇಕೆಂದು ಬೀದಿಯವರೆಲ್ಲ ಸೇರಿ ಪಟ್ಟು ಹಿಡಿಯಿರಿ.

ಕೆಲಸವನ್ನು ಬೀದಿಯ ಏರಿನ ಮನೆಗಳಿಂದ ಶುರುಮಾಡಿ. ಛೇಂಬರಿಗೆ ಹೋದ ಪೈಪನ್ನು ಕತ್ತರಿಸಿ, ಛೇಂಬರಿನ ಕಡೆಯ ತೂತಿಗೆ ಎಂಡ್ ಕ್ಯಾಪ್ ಹಾಕಿಸಿ. ತೆರೆದಿಟ್ಟರೆ ಜಿರಲೆ, ವಾಸನೆ ಬರುತ್ತದೆ. ಅಲ್ಲಿಯವರೆಗೆ ತಗ್ಗಿನ ಮನೆಯವರು ತಮ್ಮ ಕೊನೆಯ ಛೇಂಬರಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಕೂರಿಸಿಕೊಳ್ಳಲಿ. ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಿ, ಸಿಕ್ಕಿಕೊಂಡ ಕೂದಲು, ಬಟ್ಟೆ ತೆಗೆಯಬೇಕು.