ಭಾರ ಇಳಿಸಿ, ಮಾತು ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯ ಮನೆಗಳಲ್ಲಿ ಅಡಿಕೆ ಸುಲಿಯುತ್ತಲೋ ಅಡುಗೆ ಮಾಡುತ್ತಲೋ ಈ ಮಾತನ್ನು ಕೇಳುತ್ತಿರುವವರಲ್ಲಿ ಕೆಲವರಿಗಾದರೂ ಮಿಕ್ಸಿಯ ಸದ್ದು ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ, ಟ್ಯೂಬ್‌ಲೈಟಿನ ಮಿಣುಕು ತಲೆನೋವು ತರಿಸುತ್ತದೆ, ಅಂಗಿಯ ಕಾಲರ್ ದಿನವಿಡೀ ಕುತ್ತಿಗೆಯನ್ನು ಉಜ್ಜುತ್ತಲೇ ಇರುತ್ತದೆ. ಇಂದು ನಾನು ಮಾತನಾಡುವುದು ಅವರೊಂದಿಗೆ ಮತ್ತು ಅವರ ಜೊತೆ ಬಾಳುವವರೊಂದಿಗೆ. ನನ್ನ ಕಣ್ಣ ಮುಂದಿರುವವರು ಮೂವತ್ತು, ನಲವತ್ತು, ಐವತ್ತು ದಾಟಿದ ವಯಸ್ಕರು.

ಆಟಿಸಂ, ಎಡಿಎಚ್‌ಡಿ ಎಂಬ ಹೆಸರುಗಳನ್ನು ನೀವು ಶಾಲಾ ಮಕ್ಕಳ ವಿಚಾರದಲ್ಲಿ ಕೇಳಿರುತ್ತೀರಿ. ಜನರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವುದು ಆಟಿಸಂ; ಗಮನ ನಿಲ್ಲಿಸುವುದೂ ಸುಮ್ಮನೆ ಕೂರುವುದೂ ಕಷ್ಟವಾಗುವುದು ಎಡಿಎಚ್‌ಡಿ. ಆ ಮಕ್ಕಳು ದೊಡ್ಡವರಾಗುತ್ತಾರೆ, ಮದುವೆಯಾಗುತ್ತಾರೆ, ಉದ್ಯೋಗಕ್ಕೆ ಸೇರುತ್ತಾರೆ. ಮಿದುಳು ಕೆಲಸ ಮಾಡುವ ಬಗೆ ಮಾತ್ರ ಹಾಗೆಯೇ ಉಳಿಯುತ್ತದೆ. ಫ್ಯಾನ್ ತಿರುಗುವ ಸದ್ದು ಐದು ನಿಮಿಷದ ಬಳಿಕ ನಮಗೆ ಕೇಳಿಸುವುದಿಲ್ಲ, ಏಕೆಂದರೆ ಬೇಡದ ಸದ್ದನ್ನು ಮಿದುಳು ತಾನಾಗಿ ಬದಿಗೆ ಸರಿಸುತ್ತದೆ. ಇವರಲ್ಲಿ ಹಲವರಿಗೆ ಆ ಸರಿಸುವಿಕೆ ಒದಗುವುದಿಲ್ಲ. ಸದ್ದು, ಬೆಳಕು, ವಾಸನೆ, ಸ್ಪರ್ಶ ಎಲ್ಲವೂ ಒಂದೇ ಬಿರುಸಿನಿಂದ ಒಳಗೆ ನುಗ್ಗುತ್ತವೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಮಾನಸಿಕ ತೊಂದರೆಗಳನ್ನು ಗುರುತಿಸುವ ತನ್ನ ಕೈಪಿಡಿಯ ಐದನೆಯ ಆವೃತ್ತಿಯನ್ನು ಹೊರತಂದಾಗ ಇಂದ್ರಿಯಗಳ ಈ ಸೂಕ್ಷ್ಮತೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಮೊದಲೇ ಬೆಳೆದು ದೊಡ್ಡವರಾದ ಎಷ್ಟೋ ಮಂದಿ ಸಿಡುಕ, ಹಠಮಾರಿ, ಅಹಂಕಾರಿ ಎಂಬ ಹೆಸರುಗಳನ್ನೇ ಹೊತ್ತುಕೊಂಡು ಬಾಳಿದ್ದಾರೆ.

ನಾನು ಹೇಳಲು ಬಂದಿರುವುದು ಒಂದೇ ಮಾತು: ಭಾರ ಇಳಿಸಿ, ಮಾತು ಆಮೇಲೆ. ಸಿಟ್ಟು ಕೊನೆಗೆ ಬರುವ ಸಂಗತಿ. ಅದಕ್ಕೆ ಮೊದಲು ಗಂಟೆಗಟ್ಟಲೆ ಭಾರ ಏರಿರುತ್ತದೆ. ಇದಕ್ಕೊಂದು ಉದಾಹರಣೆಯನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಮರೆಸಿ ಹೇಳುತ್ತೇನೆ.

ಲೆಕ್ಕಪತ್ರದ ಕೆಲಸದಲ್ಲಿರುವ, ಸುಮಾರು ನಲವತ್ತರ ಒಬ್ಬರು ನನ್ನ ಬಳಿಗೆ ಬಂದಿದ್ದರು. ಎರಡು ವರ್ಷಗಳಿಂದ ಅವರು ಯಾವ ಮದುವೆಗೂ ಹೋಗಿರಲಿಲ್ಲ. ಸೋದರತ್ತೆಯ ಮಗಳ ಮದುವೆಯಲ್ಲಿ, ತುಂಬಿದ ಪಂಕ್ತಿಯ ನಡುವೆ, ಮೇಲಾರದ ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಸೋದರಮಾವನಿಗೆ ಬಾಯಿಗೆ ಬಂದಂತೆ ಬೈದಿದ್ದರು. ಮಾವ ಕೇಳಿದ್ದು ಇಷ್ಟೇ: "ಎಂತ ಮಾಣಿ, ಮೋರೆ ಹೀಗೆ ಯಾಕೆ?" ಇಂತಹ ಸಾಧು ಮಾತಿಗೆ ಅಷ್ಟು ಸಿಟ್ಟು ಬಂದ ತಾನು ಮನುಷ್ಯನೇ ಅಲ್ಲವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಆ ದಿನವನ್ನು ನಾವಿಬ್ಬರೂ ಗಂಟೆ ಗಂಟೆಯಾಗಿ ಬಿಡಿಸಿ ನೋಡಿದೆವು. ಹಿಂದಿನ ರಾತ್ರಿ ನೆಂಟರ ನಡುವೆ ಚಾಪೆಯಲ್ಲಿ ಮಲಗಿದ್ದರಿಂದ ನಿದ್ದೆಯಾಗಿರಲಿಲ್ಲ. ಬೆಳಿಗ್ಗೆ ಹೊಸ ಜರಿಪಂಚೆ ಸೊಂಟವನ್ನು ಕೊರೆಯುತ್ತಿತ್ತು. ಆರು ಗಂಟೆಯಿಂದ ಹೋಮದ ಹೊಗೆ, ತಗಡಿನ ಚಪ್ಪರದಡಿಯಲ್ಲಿ ವಾಲಗ, ಅದರ ಮೇಲೆ ಮೈಕು, ಹಿತ್ತಿಲಿನಲ್ಲಿ ಜನರೇಟರ್. ಮಲ್ಲಿಗೆ, ಬೆವರು, ಕಾಯುವ ಎಣ್ಣೆಯ ವಾಸನೆಗಳು ಬೆರೆತು ಬರುತ್ತಿದ್ದವು. ಮನೆಯವರೊಡನೆ ಕನ್ನಡ, ಚಪ್ಪರದವರೊಡನೆ ತುಳು, ಕಚೇರಿಯ ಸಹೋದ್ಯೋಗಿಗಳು ಬಂದಾಗ ಮಲಯಾಳ. ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ನೆಲವೆಂದು ನಾವು ಹೆಮ್ಮೆಯಿಂದ ಕರೆಯುತ್ತೇವೆ, ನಾನೂ ಕರೆಯುತ್ತೇನೆ. ಆದರೆ ಗದ್ದಲದ ನಡುವೆ ಕ್ಷಣಕ್ಷಣಕ್ಕೂ ಭಾಷೆ ಬದಲಿಸುವುದು ದಣಿದ ಮಿದುಳಿಗೆ ಮತ್ತೊಂದು ಹೊರೆ. ಹೀಗೆ ಏಳು ಗಂಟೆಗಳ ಕಾಲ ಹೊರೆ ಏರಿದ ಮೇಲೆ, ಹಸಿದ ಹೊಟ್ಟೆಯಲ್ಲಿ, ಅವರು ಬಡಿಸಲು ನಿಂತಿದ್ದರು. ಮಾವನ ಪ್ರಶ್ನೆ ಬಂದದ್ದು ಆಗ.

ಮುಂದಿನ ಮದುವೆಗೆ ನಾವು ಮೊದಲೇ ಸಿದ್ಧತೆ ಮಾಡಿಕೊಂಡೆವು. ಹಿಂದಿನ ರಾತ್ರಿ ಅವರು ತಮ್ಮ ಮನೆಯಲ್ಲೇ ಮಲಗಿದರು. ತೊಳೆದು ಮೆತ್ತಗಾದ ಹಳೆಯ ಪಂಚೆ ಉಟ್ಟರು. ಔಷಧದ ಅಂಗಡಿಯಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ಜೇಬಿನಲ್ಲಿತ್ತು. ಮೈಕಿನ ಸಮಯಕ್ಕಷ್ಟೇ ಅದನ್ನು ಬಳಸಬೇಕು, ದಿನವಿಡೀ ಹಾಕಿಕೊಂಡರೆ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಬಡಿಸುವ ಕೆಲಸದ ಬದಲು ಹಿತ್ತಿಲಿನಲ್ಲಿ ಬಾಳೆಲೆ ಒರೆಸಿ ಅಡುಕುವ ಕೆಲಸವನ್ನು ಕೇಳಿ ಪಡೆದರು. ಎಲ್ಲಕ್ಕಿಂತ ಮುಖ್ಯವಾಗಿ, ತಲೆ ಕಾದ ಮೇಲೆ ಹೋಗುವ ಅಭ್ಯಾಸವನ್ನು ಬಿಟ್ಟು, ಚೆನ್ನಾಗಿರುವಾಗಲೇ ಗಂಟೆಗೊಮ್ಮೆ ಅಡಿಕೆ ತೋಟಕ್ಕೆ ಇಳಿದು ಹದಿನೈದು ನಿಮಿಷ ಕುಳಿತು ಬಂದರು. ಕಡೆಯ ಪಂಕ್ತಿಯ ಹೊತ್ತಿಗೆ ಸಾಕೆನಿಸಿ ಮನೆಗೆ ಮರಳಿದರು. ಅತ್ತೆಗೆ ಅದರಿಂದ ಸ್ವಲ್ಪ ಬೇಸರವಾಯಿತಂತೆ. ಆಗಲಿ, ಆ ಬೇಸರವನ್ನು ಒಂದು ಫೋನ್ ಕರೆ ಸರಿಪಡಿಸಿತು.

ಮನೆಯವರಲ್ಲಿ ನನ್ನ ವಿನಂತಿ ಇದು. ಸಿಟ್ಟು ಉಕ್ಕಿದ ಹೊತ್ತಿನಲ್ಲಿ ಹತ್ತರವರೆಗೆ ಎಣಿಸು, ಉಸಿರು ಬಿಗಿಹಿಡಿ, ನಾಲ್ಕು ಜನರ ಮುಂದೆ ಮರ್ಯಾದೆ ಕಳೆಯಬೇಡ ಎಂಬ ಉಪದೇಶಗಳನ್ನು ನಾನು ವರ್ಷಗಳಿಂದ ಕೇಳಿ ದಣಿದಿದ್ದೇನೆ. ಕಿವಿಯೇ ತುಂಬಿಹೋದವರಿಗೆ ನಿಮ್ಮ ಬುದ್ಧಿಮಾತು ಕೂಡ ಮತ್ತೊಂದು ಸದ್ದು. ದೀಪ ಆರಿಸಿ, ಟಿವಿ ನಿಲ್ಲಿಸಿ, ಅನುಮತಿಯಿಲ್ಲದೆ ಮೈ ಮುಟ್ಟಬೇಡಿ, ಒಂದು ಲೋಟ ನೀರಿಟ್ಟು ಬಾಗಿಲು ಎಳೆದುಕೊಂಡು ಬನ್ನಿ. ಭಾರ ಇಳಿಸಿ, ಮಾತು ಆಮೇಲೆ. ಕೆಲವರು ಕೂಗುವುದಿಲ್ಲ, ಮಾತೇ ಹೊರಡದೆ ಕಲ್ಲಿನಂತೆ ಕುಳಿತುಬಿಡುತ್ತಾರೆ. ಅವರಿಗೂ ಬೇಕಾದದ್ದು ಇದೇ.

ಸಮಯ ಮುಗಿಯುತ್ತಾ ಬಂದಿದೆ, ನಾಚಿಕೆಯ ವಿಷಯವನ್ನು ಚುಟುಕಾಗಿಯೇ ಹೇಳಬೇಕಾಗಿದೆ. ತಪ್ಪು ಮಾಡಿದೆ ಎಂಬ ಅರಿವು ಬೇರೆ, ನಾನೇ ಕೆಟ್ಟವನು ಎಂಬ ಕೊರಗು ಬೇರೆ. ಮೊದಲನೆಯದು ಕ್ಷಮೆ ಕೇಳಿಸುತ್ತದೆ, ಎರಡನೆಯದು ಮನೆಯೊಳಗೆ ಕೂಡಿಹಾಕುತ್ತದೆ. ಬೈದದ್ದು ತಪ್ಪೇ, ಅದಕ್ಕೆ ರಿಯಾಯಿತಿಯಿಲ್ಲ. ಆದ್ದರಿಂದ ಮರುದಿನ, ಮನಸ್ಸು ತಿಳಿಯಾದ ಮೇಲೆ, ಎರಡೇ ವಾಕ್ಯಗಳಲ್ಲಿ ಹೇಳಿ: "ಮಾವ, ನಿನ್ನೆ ಹಾಗೆ ಬೈಯಬಾರದಿತ್ತು, ತಪ್ಪಾಯಿತು. ಗದ್ದಲ ಹೆಚ್ಚಾದರೆ ನನಗೆ ತಡೆಯಲಾಗುವುದಿಲ್ಲ, ಇನ್ನು ಮುಂದೆ ಮೊದಲೇ ಎದ್ದು ಹೋಗುತ್ತೇನೆ." ನಮ್ಮ ಕಥೆಯ ಆ ಮನುಷ್ಯ ಈ ಮಾತನ್ನು ಹೇಳಲು ಎರಡು ವರ್ಷ ತಡ ಮಾಡಿದರು; ಮಾವನಿಗೆ ಬಕೆಟ್ಟಿನ ನೆನಪೇ ಇರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಕಚೇರಿಯಲ್ಲಿ ಕಿಟಕಿಯ ಬಳಿಯ ಮೂಲೆಯ ಮೇಜನ್ನು ಕೇಳಲು ಸಂಕೋಚಪಡಬೇಡಿ. ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಂಖ್ಯೆ 14416. ಶುಲ್ಕವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತನಾಡಬಹುದು. ನಮಸ್ಕಾರ.