ಒಟ್ಲು ಒಬ್ಬರದ್ದು, ಫಸಲು ಇನ್ನೊಬ್ಬರದ್ದು: ಅಮೆರಿಕಾ ಕಾಲೇಜ್ ಬಾಸ್ಕೆಟ್‌ಬಾಲ್ ಕಥೆ

ಎಲ್ರಿಗೂ ನಮಸ್ಕಾರ. ಒಬ್ಬಟ್ಟಿನ ಊಟ ಆದ್ಮೇಲೆ ನನ್ನ ಮಾತು ಇಟ್ಟಿದೀರ, ಯಾರಾದ್ರೂ ತೂಕಡಿಸಿದ್ರೆ ನಾನೇನೂ ಬೇಜಾರು ಮಾಡ್ಕೊಳಲ್ಲ. ಇಂಡಿಯಾನಾದಲ್ಲಿ ಇದ್ಕೊಂಡು ಬಾಸ್ಕೆಟ್‌ಬಾಲ್ ಮಾತಾಡ್ದೇ ಇರೋದು ಅಂದ್ರೆ ನಮ್ಮ ಮಂಡ್ಯದಲ್ಲಿ ಕೂತ್ಕೊಂಡು ಕಬ್ಬಿನ ರೇಟ್ ಮಾತಾಡ್ದೇ ಇದ್ದಂಗೆ, ಅದಕ್ಕೇ ಈ ಟಾಪಿಕ್.

2022ರ ಮಾರ್ಚ್ ನೆನಪಿದ್ಯಾ? ಇಲ್ಲೇ, ನಮ್ಮ ಇಂಡಿಯಾನಾಪೊಲಿಸ್ ಡೌನ್‌ಟೌನ್‌ನಲ್ಲೇ, ಜರ್ಸಿ ಸಿಟಿಯ ಸೇಂಟ್ ಪೀಟರ್ಸ್ ಅನ್ನೋ ಪುಟ್ಟ ಕಾಲೇಜು ಕೆಂಟಕಿನ ಓವರ್‌ಟೈಮ್‌ನಲ್ಲಿ ಮನೆಗೆ ಕಳಿಸ್ತು. ಪ್ರತಿ ಮಾರ್ಚ್‌ನಲ್ಲಿ ನಡೆಯೋ ಕಾಲೇಜುಗಳ ರಾಷ್ಟ್ರೀಯ ಟೂರ್ನಮೆಂಟ್ ಇದು, ಸೇಂಟ್ ಪೀಟರ್ಸ್ ಅದರಲ್ಲಿ 15ನೇ ಸೀಡ್, ಅಂದ್ರೆ ಗೆಲ್ಲುತ್ತೆ ಅಂತ ಯಾರೂ ನಂಬದ ಕೆಳಗಿನ ರ‍್ಯಾಂಕಿನ ಟೀಮ್. ಆಮೇಲೆ ಮರ್ರೇ ಸ್ಟೇಟ್, ಆಮೇಲೆ ನಮ್ಮ ಇಂಡಿಯಾನಾದ ಪರ್ಡ್ಯೂನೇ ಸೋಲಿಸಿ ಕೊನೇ ಎಂಟಕ್ಕೆ ಹೋದ್ರು, ಅಲ್ಲೀವರೆಗೂ ಯಾವ 15ನೇ ಸೀಡೂ ಅಷ್ಟು ದೂರ ಹೋಗಿರ್ಲಿಲ್ಲ. ಮೀಸೆ ಹುಡುಗ ಡಗ್ ಎಡರ್ಟ್ ಅಂತ ಒಬ್ಬ ಇದ್ನಲ್ಲ, ಅವನಿಗೆ ಚಿಕನ್ ವಿಂಗ್ಸ್ ಕಂಪನಿ ಜಾಹೀರಾತೂ ಸಿಕ್ತು.

ಮುಂದೇನಾಯ್ತು ಅನ್ನೋದು ಮುಖ್ಯ. ಅವರು ಸೋತು ವಾರ ಕಳೆಯೋಕೆ ಮುಂಚೆ ಕೋಚ್ ಶಹೀನ್ ಹಾಲೊವೇ ಸೀಟನ್ ಹಾಲ್‌ಗೆ ಹೋದ್ರು. ಕೆಸಿ ಎನ್ಡೆಫೊ ಅವರ ಹಿಂದೇನೇ ಹೋದ, ಡ್ಯಾರಿಲ್ ಬ್ಯಾಂಕ್ಸ್ ಸೇಂಟ್ ಬೊನಾವೆಂಚರ್‌ಗೆ, ಮೀಸೆ ಹುಡುಗ ಬ್ರಯಂಟ್‌ಗೆ. ದೇಶ ಪೂರ್ತಿ ಪ್ರೀತಿ ಮಾಡಿದ ಟೀಮು ಜಾತ್ರೆ ಮುಗಿದ್ಮೇಲಿನ ತೇರುಬೀದಿ ಥರ ಖಾಲಿ ಆಯ್ತು.

ಇದನ್ನ ನೋಡಿ ಎಷ್ಟೋ ಜನ "ಈ ಹುಡುಗ್ರಿಗೆ ನಿಯತ್ತಿಲ್ಲ" ಅಂದ್ರು. ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ, ಹಳೇ ರೂಲ್ ಹೇಗಿತ್ತು ಅಂತ ಮೊದ್ಲು ಕೇಳಿ.

ಮೊದ್ಲು ಆಟಗಾರ ಕಾಲೇಜು ಬಿಡ್ಬೇಕು ಅಂದ್ರೆ ಕಾಲೇಜಿಂದ ಪರ್ಮಿಷನ್ ಬೇಕಿತ್ತು, ಅದಿಲ್ದೆ ಬೇರೆ ಕೋಚ್ ಅವನ ಹತ್ರ ಸ್ಕಾಲರ್‌ಶಿಪ್ ಮಾತಾಡೋ ಹಾಗಿರ್ಲಿಲ್ಲ. ಎನ್‌ಒಸಿ ಅಂತೀವಲ್ಲ, ಸಾಕ್ಷಾತ್ ಅದೇ. ಎನ್‌ಒಸಿ ಸಿಕ್ಕಿ ಹೋದ ಅಂತಾನೇ ಇಟ್ಕೊಳಿ, ಹೊಸ ಕಾಲೇಜಲ್ಲಿ ಒಂದು ವರ್ಷ ಪ್ರಾಕ್ಟೀಸ್ ಮಾಡ್ಬಹುದು, ಮ್ಯಾಚ್ ಆಡೋ ಹಾಗಿಲ್ಲ. ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಮೊದಲ ಕೆಲಸಕ್ಕೆ ಬಾಂಡ್ ಬರ್ಕೊಟ್ಟಿದ್ರಿ? ಕೈ ಎತ್ತೋದು ಬೇಡ, ಮುಖ ನೋಡಿದ್ರೇ ಗೊತ್ತಾಗುತ್ತೆ. ಬಾಂಡ್ ಮುರಿದ್ರೆ ದುಡ್ಡು ಕಟ್ಟಿ ಹೋಗ್ಬಹುದಿತ್ತು, ಇವರಿಗೆ ಇರೋ ಚಿಕ್ಕ ಕಾಲೇಜ್ ಜೀವನದಲ್ಲಿ ಒಂದು ವರ್ಷ ಬೆಂಚಿನ ಮೇಲೆ. ಕೋಚ್‌ಗೆ ಇಂಥ ರೂಲ್ ಯಾವತ್ತೂ ಇರ್ಲಿಲ್ಲ, ಹಾಲೊವೇ ಥರ ಯಾರು ಬೇಕಾದ್ರೂ ಇವತ್ತು ಇಲ್ಲಿ ನಾಳೆ ಅಲ್ಲಿ.

2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಪೋರ್ಟಲ್ ಅಂದ್ರೆ ಏನೋ ಮಹಾ ಅಲ್ಲ, ಒಂದು ಡೇಟಾಬೇಸು ಅಷ್ಟೇ. ಕಾಲೇಜಿಗೆ ಹೇಳಿದ್ರೆ ಹೆಸರು ಹಾಕ್ಲೇಬೇಕು, ಹೆಸರು ಬಿದ್ಮೇಲೆ ಯಾವ ಕೋಚಾದ್ರೂ ಫೋನ್ ಮಾಡ್ಬಹುದು. 2021ರಲ್ಲಿ ಒಂದು ಸಲ ಬದಲಾಯಿಸಿದ್ರೆ ಕೂರೋದು ಬೇಡ ಅಂದ್ರು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟು ಎರಡನೇ ಸಲಕ್ಕೂ ತಡೀಬೇಡಿ ಅಂತು, 2024ರ ಏಪ್ರಿಲ್‌ನಲ್ಲಿ ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ ಕೈ ಚೆಲ್ಲಿ, ಓದಿನಲ್ಲಿ ಪಾಸಾಗಿದ್ರೆ ಎಷ್ಟು ಸಲ ಬೇಕಾದ್ರೂ ಹೋಗಿ ಅಂತು. ಇದರ ಮಧ್ಯದಲ್ಲಿ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮುಖದ ಮೇಲೆ ದುಡ್ಡು ಮಾಡ್ಬಹುದು ಅಂತಾಯ್ತು, 2025ರ ಜುಲೈಯಿಂದ ಕಾಲೇಜೇ ನೇರವಾಗಿ ದುಡ್ಡು ಕೊಡ್ಬಹುದು, ಎಲ್ಲಾ ಆಟಗಳೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷ, 2025-26ಕ್ಕೆ, ಸುಮಾರು 20.5 ಮಿಲಿಯನ್ ಡಾಲರ್ ಮಿತಿ ಇತ್ತು. ಓಡಾಡೋ ಸ್ವಾತಂತ್ರ್ಯ ಒಂದೇ ಬಂದಿದ್ರೆ ಕಥೆ ಬೇರೆ, ದುಡ್ಡು ಒಂದೇ ಬಂದಿದ್ರೂ ಬೇರೆ, ಎರಡೂ ಒಟ್ಟಿಗೆ ಬಂದ್ವು ನೋಡಿ. 2025ರ ವಸಂತದಲ್ಲಿ ಡಿವಿಷನ್ ಒಂದರ, ಅಂದ್ರೆ ಕಾಲೇಜ್ ಆಟದ ಮೇಲಿನ ಹಂತದ, ಎರಡು ಸಾವಿರಕ್ಕೂ ಹೆಚ್ಚು ಹುಡುಗ್ರು ಪೋರ್ಟಲ್‌ಗೆ ಹೆಸರು ಕೊಟ್ರು, ಇರೋದೇ ಮುನ್ನೂರ ಅರವತ್ತು ಚಿಲ್ಲರೆ ಟೀಮು!

ಈಗ ಆ 2025ರ ಫೈನಲ್‌ಗೆ ಬನ್ನಿ. ಸ್ಯಾನ್ ಆಂಟೋನಿಯೋ, ಫ್ಲೋರಿಡಾ ವರ್ಸಸ್ ಹ್ಯೂಸ್ಟನ್. ಫ್ಲೋರಿಡಾ 12 ಪಾಯಿಂಟ್ ಹಿಂದೆ ಬಿದ್ದು ಎದ್ದು ಬಂದಿದೆ. ಕೊನೇ ಸೆಕೆಂಡುಗಳು, 65-63ಕ್ಕೆ ಫ್ಲೋರಿಡಾ ಮುಂದೆ, ಬಾಲ್ ಹ್ಯೂಸ್ಟನ್ ಕೈಲಿ. ಇಮಾನ್ಯುಯಲ್ ಶಾರ್ಪ್ ಮೂರು ಪಾಯಿಂಟ್ ಶಾಟ್‌ಗೆ ಗಾಳಿಗೆ ಹಾರ್ತಾನೆ, ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಓಡ್ಬಂದು ಅವನ ಮುಖದ ಮುಂದೆ ನೆಗೀತಾನೆ, ಶಾಟ್ ಹೊಡೆದ್ರೆ ಬ್ಲಾಕು, ಹಿಡ್ಕೊಂಡು ಕೆಳಗೆ ಇಳಿದ್ರೆ ಟ್ರಾವೆಲಿಂಗು ಅನ್ನೋ ತಪ್ಪು, ಬಾಲ್ ಎದುರಾಳಿಗೆ ಹೋಗುತ್ತೆ, ಬೇರೆ ದಾರಿ ಇಲ್ದೆ ಶಾರ್ಪ್ ಬಾಲ್ ಕೆಳಗೆ ಬಿಡ್ತಾನೆ. ಅದು ಅವನ ಕಣ್ಮುಂದೇನೇ ಪುಟೀತಿದೆ, ಮೊದಲು ಮುಟ್ಟೋ ಹಾಗಿಲ್ಲ, ಮುಟ್ಟಿದ್ರೆ ಅದೂ ಟ್ರಾವೆಲಿಂಗೇ. ಫ್ಲೋರಿಡಾದ ಅಲೆಕ್ಸ್ ಕಾಂಡನ್ ಬಾಲ್ ಮೇಲೆ ಬಿದ್ದ, ಮುಗೀತು. ನಾನು ಸೋಫಾ ಮೇಲೆ ನಿಂತಿದ್ದೆ, ನಮ್ಮನೆಯವಳು ಮಗು ಎದ್ದುಬಿಡುತ್ತೆ ಅಂತ ಬೈದಿದ್ದು ಆಮೇಲೆ ಕೇಳಿಸ್ತು.

ಆ ಕ್ಲೇಟನ್ ಎಲ್ಲಿಯವನು? ನ್ಯೂಯಾರ್ಕ್‌ನ ಐಯೋನಾ ಅನ್ನೋ ಸಣ್ಣ ಕಾಲೇಜಿಂದ ಬಂದೋನು, ಅಲ್ಲಿನ ಕೋಚ್ ರಿಕ್ ಪಿಟಿನೊ ಸೇಂಟ್ ಜಾನ್ಸ್‌ಗೆ ಹೋದ್ಮೇಲೆ ಇವನೂ ಹೊರಟ. ಅಲಿಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ, ಫೈನಲ್‌ನಲ್ಲಿ 18 ಪಾಯಿಂಟ್ ಹೊಡೆದ ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ. ನಮ್ಮ ಕಡೆ ಒಟ್ಲು ಬಿಡ್ತಾರಲ್ಲ, ಸಣ್ಣ ಪಾತಿಲಿ ಭತ್ತ ಚೆಲ್ಲಿ, ನೀರು ನೋಡ್ಕೊಂಡು, ಪೈರು ಗೇಣುದ್ದ ಆದ್ಮೇಲೆ ಕಿತ್ತು ದೊಡ್ಡ ಗದ್ದೆಲಿ ನಾಟಿ ಹಾಕೋದು. ಐಯೋನಾ, ಬೆಲ್ಮಾಂಟ್ ಎಲ್ಲಾ ಈಗ ಒಟ್ಲು ಪಾತಿ. ಒಂದೇ ವ್ಯತ್ಯಾಸ, ನಮ್ಮಲ್ಲಿ ಪಾತಿನೂ ಗದ್ದೆನೂ ಒಬ್ಬ ರೈತನದ್ದೇ, ಪೈರು ಕೊಂಡ್ಕೊಂಡ್ರೂ ದುಡ್ಡು ಕೊಟ್ಟೇ ತರ್ತಾರೆ. ಯುರೋಪಿನ ಫುಟ್‌ಬಾಲ್‌ನಲ್ಲೂ ಒಪ್ಪಂದ ಮುಗಿಯೋ ಮುಂಚೆ ಆಟಗಾರ ಹೋದ್ರೆ ಹಳೇ ಕ್ಲಬ್‌ಗೆ ಟ್ರಾನ್ಸ್‌ಫರ್ ಫೀ ಬರುತ್ತೆ. ಇಲ್ಲಿ ಬೆಲ್ಮಾಂಟ್‌ಗೆ ಅಂಥ ಫೀ ಒಂದು ಪೈಸೆ ಇಲ್ಲ. ನನ್ನ ತಕರಾರು ಇರೋದು ಇಲ್ಲಿ, ಹುಡುಗ್ರ ಮೇಲಲ್ಲ. ಅದೇ 2025ರ ಟೂರ್ನಮೆಂಟ್‌ನಲ್ಲಿ ಕೊನೇ ಹದಿನಾರು ಟೀಮೂ ಬರೀ ನಾಲ್ಕು ದೊಡ್ಡ ಕಾನ್ಫರೆನ್ಸ್‌ಗೆ, ಅಂದ್ರೆ ಕಾಲೇಜುಗಳ ಗುಂಪಿಗೆ, ಸೇರಿದ್ದು, ಸೇಂಟ್ ಪೀಟರ್ಸ್ ಥರದ್ದು ಒಂದೂ ಇರ್ಲಿಲ್ಲ.

ದೊಡ್ಡೋರೂ ನೆಮ್ಮದಿಯಾಗಿಲ್ಲ ಬಿಡಿ. ಫ್ಲೋರಿಡಾದಲ್ಲೇ ಮೂರು ವರ್ಷ ಬೆಳೆದ ಡೆನ್ಜೆಲ್ ಅಬರ್ಡೀನ್ ಕಪ್ ಗೆದ್ದ ಕೆಲವೇ ವಾರಕ್ಕೆ ಕೆಂಟಕಿಗೆ ಹೋದ. ವರ್ಜೀನಿಯಾದ ಟೋನಿ ಬೆನೆಟ್ 2024ರ ಅಕ್ಟೋಬರ್‌ನಲ್ಲಿ, ಸೀಸನ್ ಇನ್ನೇನು ಶುರು ಅನ್ನೋವಾಗ, ಈ ಹೊಸ ವ್ಯವಸ್ಥೆಗೆ ನಾನು ಸರಿಯಾದ ಕೋಚ್ ಅಲ್ಲ ಅಂತ ಹೊರಟೇ ಹೋದ್ರು. ಇನ್ನೊಂದು ಕಡೆ ಈಎಸ್‌ಪಿಎನ್ ಕ್ರೀಡಾ ಚಾನೆಲ್‌ನ ಹೆಸರಾಂತ ವರದಿಗಾರ ಏಡ್ರಿಯನ್ ವೋಜ್ನರೌಸ್ಕಿ ಅಷ್ಟು ದೊಡ್ಡ ಕೆಲಸ ಬಿಟ್ಟು ಸೇಂಟ್ ಬೊನಾವೆಂಚರ್‌ಗೆ ಜನರಲ್ ಮ್ಯಾನೇಜರ್ ಆದ್ರು. ಕಾಲೇಜ್ ಟೀಮಿಗೆ ಜನರಲ್ ಮ್ಯಾನೇಜರು!

ಹೈಸ್ಕೂಲ್ ಮಕ್ಕಳ ಅಪ್ಪ ಅಮ್ಮಂದಿರು ಇದೀರಲ್ಲ, ನಿಮಗೊಂದು ಮಾತು. ಕೋಚ್‌ಗಳು ಮೊದಲು ಹದಿನೇಳರ ಹುಡುಗನ್ನ ವರ್ಷಗಟ್ಟಲೆ ಹಿಂಬಾಲಿಸ್ತಿದ್ರು, ಈಗ ಇಪ್ಪತ್ತೆರಡು ಇಪ್ಪತ್ಮೂರರ ಪಳಗಿದೋರು ಪೋರ್ಟಲ್‌ನಲ್ಲಿ ರೆಡಿಯಾಗಿ ಸಿಗ್ತಾರೆ, ಆ ಹದಿನೇಳರ ಹುಡುಗನಿಗೆ ಯಾಕೆ ಕಾಯ್ತಾರೆ? ಹತ್ತಾರು ಸ್ಟಾರ್ ಹುಡುಗ್ರನ್ನ ಬಿಟ್ಟು ಉಳಿದೋರಿಗೆ ದೊಡ್ಡ ಕಾಲೇಜಿನ ಬಾಗಿಲು ಕಿರಿದಾಗಿದೆ. ಪರ್ಡ್ಯೂನ ಮ್ಯಾಟ್ ಪೇಂಟರ್ ಮಾತ್ರ ಇನ್ನೂ ಹೈಸ್ಕೂಲಿಂದ ತಂದು ಬೆಳೆಸೋ ಹಳೇ ದಾರೀಲೇ ಇದಾರೆ, ಝ್ಯಾಕ್ ಈಡಿ ನಾಲ್ಕು ವರ್ಷ ಇದ್ದು 2024ರ ಫೈನಲ್‌ವರೆಗೂ ಕರ್ಕೊಂಡು ಹೋದ.

ಅದರಲ್ಲೂ ಈಡಿ ಕೆನಡಾದೋನು, ನಮ್ಮೆಲ್ಲರ ಹಾಗೆ ವೀಸಾ ಗಿರಾಕಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದೋರು ಇಲ್ಲಿ ಜಾಹೀರಾತು ಮಾಡಿ ದುಡೀಬೇಕು ಅಂದ್ರೆ ವೀಸಾ ಅಡ್ಡ ಬರುತ್ತೆ. ಕಾಂಗೋದಿಂದ ಬಂದ ಆಸ್ಕರ್ ಶೀಬ್ವೆ, 2022ರಲ್ಲಿ ದೇಶಕ್ಕೇ ಬೆಸ್ಟ್ ಪ್ಲೇಯರ್, ಕೆಂಟಕಿ ಟೀಮು ಆಟ ಆಡೋಕೆ ಬಹಾಮಾಸ್‌ಗೆ ಹೋದಾಗ ಅಲ್ಲಿ ಶೂಟಿಂಗ್ ಮಾಡಿ ದುಡ್ಡು ಮಾಡ್ಕೊಂಡ, ಅಮೆರಿಕಾ ನೆಲದ ಮೇಲೆ ಅಲ್ವಲ್ಲ! ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಆರಿಜೋನಾಗೆ ಆಡಿದೋರು, ಬೆಂಗಳೂರಿಂದ ಇನ್ನೊಬ್ಬ ಹುಡುಗಿ ಬಂದ್ರೂ ಪೋರ್ಟಲ್ ಜೊತೆ ಇಮಿಗ್ರೇಷನ್ ಲಾಯರ್ ನಂಬರೂ ಇಟ್ಕೊಂಡೇ ಬರ್ಬೇಕು. ಪ್ರಶ್ನೆ ಇದ್ರೆ ಕೇಳಿ, ಪರ್ಡ್ಯೂ ಸೋತಿದ್ದರ ಬಗ್ಗೆ ಒಂದು ಬಿಟ್ಟು.