ಕಂಬದ ಬುಡದಲ್ಲಿ ಸೋರಿಹೋಗುವ ಶಕ್ತಿ

ಕೇಳುಗರಿಗೆ ನಮಸ್ಕಾರ.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವರ್ತನ 612 ಕಿಲೋಹರ್ಟ್ಸ್ ಎಂಬುದು ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿದ್ದೀತು. ಆ ತರಂಗದ ಉದ್ದ ಸುಮಾರು 490 ಮೀಟರ್. ಅದರ ಕಾಲುಭಾಗದಷ್ಟು ಎತ್ತರದ ಲಂಬ ಆಂಟೆನಾ ಎಂದರೆ 122 ಮೀಟರಿನ ಕಂಬ. ದಾರಿಹೋಕರ ಕಣ್ಣಿಗೆ ಕಾಣುವುದು ಈ ಕಂಬವೊಂದೇ ಆದರೂ, ಅದರಲ್ಲಿ ಹರಿಯುವ ವಿದ್ಯುತ್ತು ಸುತ್ತಲಿನ ನೆಲದ ಮೂಲಕವೇ ಬುಡಕ್ಕೆ ಮರಳಬೇಕಾಗಿರುವುದರಿಂದ ನೆಲವೂ ಆಂಟೆನಾದ ಒಂದು ಭಾಗವೇ ಆಗಿದೆ.

ಕಾಲು ತರಂಗದ ಕಂಬಕ್ಕೆ ಸುಮಾರು 36 ಓಮ್ ವಿಕಿರಣ ರೋಧವಿರುತ್ತದೆ. ಇದರ ಪಾಲಿನ ಶಕ್ತಿ ಆಕಾಶಕ್ಕೆ ಹೋಗುತ್ತದೆ; ನೆಲದ ರೋಧದ ಪಾಲಿನದು ಮಣ್ಣನ್ನು ಬಿಸಿಮಾಡಿ ವ್ಯರ್ಥವಾಗುತ್ತದೆ. ನೆಲದ ರೋಧ 20 ಓಮ್ ಇದ್ದರೆ ನೂರರಲ್ಲಿ 64 ಪಾಲು ಮಾತ್ರ ಪ್ರಸಾರವಾದೀತು. 80 ಮೀಟರ್ ಪಟ್ಟಿಯಲ್ಲಿ, ಅಂದರೆ ಸುಮಾರು 80 ಮೀಟರ್ ಉದ್ದದ ತರಂಗಗಳಲ್ಲಿ, ಮಾತನಾಡಲು ರೇಡಿಯೊ ಹವ್ಯಾಸಿಯೊಬ್ಬರು ಮನೆಯಂಗಳದಲ್ಲಿ 8 ಮೀಟರಿನ ಗಿಡ್ಡ ಕಂಬ ನೆಟ್ಟರೆ ವಿಕಿರಣ ರೋಧ 4 ಓಮಿಗೆ ಇಳಿಯುವುದರಿಂದ, ಅದೇ ನೆಲದಲ್ಲಿ ಅವರಿಗೆ ದಕ್ಕುವುದು 17 ಪಾಲು ಅಷ್ಟೆ.

ಇದಕ್ಕೆ ಪರಿಹಾರ, ಬುಡದಿಂದ ಚಕ್ರದ ಅರಗಳಂತೆ ತಾಮ್ರದ ತಂತಿಗಳನ್ನು ನೆಲದಲ್ಲಿ ಹರಡುವುದು. 1937ರಲ್ಲಿ ಅಮೆರಿಕದ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಎಂಬ ಎಂಜಿನಿಯರುಗಳು ತಂತಿಗಳ ಸಂಖ್ಯೆಯನ್ನೂ ಉದ್ದವನ್ನೂ ಬದಲಿಸುತ್ತ ಅಳೆದು ಪ್ರಕಟಿಸಿದ ಫಲಿತಾಂಶಗಳಿಂದ, ತಂತಿಗಳು ಕೆಲವೇ ಇದ್ದಾಗ ಅವುಗಳನ್ನು ಉದ್ದ ಮಾಡಿ ಹೆಚ್ಚು ಲಾಭವಿಲ್ಲವೆಂದೂ, ಉದ್ದಕ್ಕೆ ಬೆಲೆ ಬರುವುದು ಸಂಖ್ಯೆ ಹೆಚ್ಚಿದಾಗಲೇ ಎಂದೂ ತಿಳಿದುಬಂತು. ಪ್ರಸಾರ ಕೇಂದ್ರಗಳಲ್ಲಿ 120 ತಂತಿಗಳ ರೂಢಿ ಬೆಳೆದದ್ದು ಈ ಬಗೆಯ ಅಳತೆಗಳ ಬಲದಿಂದ. 612 ಕಿಲೋಹರ್ಟ್ಸಿಗೆ ಕಾಲು ತರಂಗದ 120 ತಂತಿ ಹಾಸಬೇಕೆಂದರೆ ಹದಿನಾಲ್ಕು ಕಿಲೋಮೀಟರಿಗೂ ಮಿಕ್ಕಿದ ತಾಮ್ರ ಬೇಕು. ಕಳ್ಳರಿಗೂ ಈ ಲೆಕ್ಕ ಗೊತ್ತಿರುತ್ತದೆ.

ನಮ್ಮಲ್ಲಿ ಅರ್ತಿಂಗ್ ಎಂದೊಡನೆ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬುವುದು ವಾಡಿಕೆ. ಸುರಕ್ಷತೆಗೆ ಅದು ಬೇಕೇಬೇಕು. ಆದರೆ ರೇಡಿಯೊ ವಿದ್ಯುತ್ತು ಒಂದು ಗುಂಡಿಯಿಂದಲ್ಲ, ಬುಡದ ಸುತ್ತಲಿನ ವಿಶಾಲ ನೆಲದಿಂದ ಮರಳುವಂಥದ್ದು. ಹಾಗಾಗಿ ಗುಂಡಿ ತಂತಿಜಾಲದ ಕೆಲಸ ಮಾಡಲಾರದು. ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆಂದು ತೋರಿಸುವ ಮಾಪಕವನ್ನೇ ನಂಬಿದವರು ಮೋಸಹೋಗುವುದೂ ಉಂಟು: 36 ಓಮ್ ವಿಕಿರಣ ರೋಧಕ್ಕೆ 14 ಓಮ್ ನೆಲದ ನಷ್ಟ ಸೇರಿದಾಗ ಮೊತ್ತ 50 ಆಗಿ, ಶಕ್ತಿಯನ್ನು ತರುವ 50 ಓಮಿನ ಕೇಬಲ್ಲಿಗೆ ಸರಿಯಾಗಿ ಹೊಂದಿಕೊಂಡಂತೆ ತೋರುತ್ತದೆ. ಇನ್ನಷ್ಟು ತಂತಿ ಹಾಸಿದರೆ ಹೊಂದಾಣಿಕೆ ಕೆಡುತ್ತದೆ, ಪ್ರಸಾರ ಮಾತ್ರ ಸುಧಾರಿಸುತ್ತದೆ.

ತಂತಿ ಹಾಸಿ ಸರಿಪಡಿಸಬಹುದಾದದ್ದು ಬುಡದ ಸುತ್ತಲಿನ ನಷ್ಟವನ್ನಷ್ಟೆ. ದಿಗಂತದತ್ತ ಕೆಳಕೋನದಲ್ಲಿ ಸಾಗುವ ಅಲೆಗಳು ತಂತಿಜಾಲದಾಚೆ, ಬಹುದೂರದ ನೆಲದ ಮೇಲೆ ಪ್ರತಿಫಲಿಸುತ್ತವೆ. ಅಲ್ಲಿನ ಮಣ್ಣು ಒಣಗಿದ್ದರೆ ಅಥವಾ ಬರೀ ಬಂಡೆಯಾಗಿದ್ದರೆ ಆ ಕೋನದ ಶಕ್ತಿ ಕುಗ್ಗುತ್ತದೆ. ಸಮುದ್ರದ ನೀರಿನ ವಾಹಕತೆ ಸಾಧಾರಣ ಮಣ್ಣಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಆದ್ದರಿಂದಲೇ ದೂರದೇಶಗಳ ಸಂಪರ್ಕ ಬಯಸುವ ಹವ್ಯಾಸಿಗಳು ಲಂಬ ಆಂಟೆನಾವನ್ನು ಹೊತ್ತು ಉಪ್ಪುನೀರಿನ ಅಂಚಿಗೇ ಹೋಗುತ್ತಾರೆ.